ಬಾಯಿತಪ್ಪಿ ಒಂಬತ್ತು ಗಿಡ

ಗಿಡ ಸಾಕುವುದು ಕಷ್ಟ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಮರುಕ. ಪಾಪ, ಅವರಿಗೆ ಲೆಕ್ಕ ಇಡಲು ಬರುವುದಿಲ್ಲ, ಅಷ್ಟೇ. ನಾನು ಹಾಗಲ್ಲ. ಬೆಟಗೇರಿಯ ನಮ್ಮ ಓಣಿಗೆ ನಳದ ನೀರು ಯಾವ ತಾರೀಖಿಗೆ ಬಂತು, ಕರೆಂಟು ಎಷ್ಟು ಸಲ ಹೋಯಿತು, ಅವ್ವ ಒಂದು ಪೊಟ್ಟಣ ಚಹಾಪುಡಿಯನ್ನು ಎಷ್ಟು ದಿನಕ್ಕೆ ಮುಗಿಸಿದಳು, ಎಲ್ಲವೂ ನನ್ನ ದಿನಚರಿಯಲ್ಲಿದೆ. ಇಷ್ಟು ಶಿಸ್ತಿನ ಮನುಷ್ಯನ ಕೈಯಲ್ಲಿ ಗಿಡ ಸಾಯುವುದಾದರೂ ಹೇಗೆ?

ಹೇಗೆ ಎಂಬುದು ತಿಳಿಯಲು ನಲವತ್ತೆರಡು ದಿನ ಹಿಡಿಯಿತು.

ಜನವರಿ 18, ರವಿವಾರ. ಕನ್ಯೆ ನೋಡಲು ಅವ್ವನೂ ನಾನೂ ಮುಂಡರಗಿಗೆ ಹೋದೆವು. ಹುಡುಗಿಯ ಹೆಸರು ಸವಿತಾ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ತಂದೆ ನಿವೃತ್ತ ಹೆಡ್‌ಮಾಸ್ತರರು. ನಾನು ನೋಡಿದ ಕನ್ಯೆಯರಲ್ಲಿ ಇವಳು ಆರನೆಯವಳು. ಹಿಂದಿನ ಐವರಲ್ಲಿ ನಾಲ್ವರು ಒಲ್ಲೆ ಅಂದಿದ್ದಾರೆ. ಒಬ್ಬಳು ಹದಿನಾಲ್ಕು ತಿಂಗಳಿಂದ ವಿಚಾರ ಮಾಡುತ್ತಿದ್ದಾಳೆ. ಸವಿತಾ ಚಹಾ ಕೊಡುವಾಗ ನನ್ನ ಅಂಗಿಯ ಕಿಸೆಯಲ್ಲಿದ್ದ ಮೂರು ಪೆನ್ನು ನೋಡಿ ನಕ್ಕಳು. ಮಾಡಿಕೊಂಡರೆ ಇವಳನ್ನೇ ಎಂದು ಅಂದು ಬರೆದುಕೊಂಡು, ಕೆಳಗೆ ಸ್ಕೇಲು ಹಿಡಿದು ಎರಡು ಗೆರೆ ಎಳೆದಿದ್ದೇನೆ.

ಹಿರಿಯರು ನಮ್ಮಿಬ್ಬರನ್ನು ಮಾತಾಡಿಕೊಳ್ಳಿ ಎಂದು ಹೊರಗಿನ ಕಟ್ಟೆಗೆ ಕಳಿಸಿದರು. ಕಟ್ಟೆಯ ತುಂಬ ಗಿಡಗಳು. ಏನು ಮಾತಾಡಬೇಕೋ ತಿಳಿಯದೆ ನಾನು ಅವುಗಳನ್ನು ಎಣಿಸತೊಡಗಿದ್ದೆ. ಅವಳೇ ಕೇಳಿದಳು:

"ನಿಮ್ಮ ಮನ್ಯಾಗ ಗಿಡ ಅದಾವೇನ್ರಿ?"

"ಅದಾವ್ರಿ," ಅಂದೆ. ನಮ್ಮ ಮನೆಯಲ್ಲಿ ಆ ದಿನ ಇದ್ದ ಹಸಿರು ವಸ್ತುವೆಂದರೆ ಒಂದು ಕಟ್ಟು ಕೊತ್ತಂಬರಿ.

"ಎಷ್ಟು?"

ಬೇರೆ ಯಾರಾದರೂ ಆಗಿದ್ದರೆ 'ಅದಾವ್ರಿ ಒಂದಿಷ್ಟು' ಎಂದು ಪಾರಾಗುತ್ತಿದ್ದರು. ಎಷ್ಟು ಎಂದು ಕೇಳಿದರೆ ನನ್ನ ಬಾಯಿಂದ ಅಂಕಿಯೇ ಬರುವುದು.

"ಒಂಬತ್ತು ರೀ."

ಎಂಟಲ್ಲ, ಹತ್ತಲ್ಲ. ಎಲ್ಲಿಂದ ಬಂತೋ ಆ ಒಂಬತ್ತು! ಗಿಡ ಸಾಕುವವರಲ್ಲಿ ತಾಳ್ಮೆ ಇರುತ್ತದೆ, ತನಗೆ ಅಂಥವರು ಸೇರುತ್ತಾರೆ ಎಂದು ಅವಳು ಹೇಳಿದಳು. ನಾನು ಒಂಬತ್ತು ಗಿಡದಷ್ಟು ತಾಳ್ಮೆಯಿಂದ ತಲೆಯಾಡಿಸಿದೆ. ಅವಳ ತಂದೆಗೆ ಮುಂದಿನ ವಾರ ಕಣ್ಣಿನ ಪೊರೆಯ ಆಪರೇಷನ್ ಇತ್ತು. ಅದು ಮುಗಿದು ಕಣ್ಣು ಸರಿಯಾದ ಮೇಲೆ, ಮಾರ್ಚ್ 1ಕ್ಕೆ, ನಮ್ಮ ಮನೆ ನೋಡಲು ಬರುವುದೆಂದು ಗೊತ್ತಾಯಿತು. ಬಸ್ಸಿನಲ್ಲಿ ಅವ್ವನಿಗೆ ವಿಷಯ ತಿಳಿಸಿದಾಗ ಅವಳು ಡಂಬಳ ದಾಟುವವರೆಗೆ ಕಿಟಕಿಯಾಚೆಯ ಗಿಡಮರಗಳನ್ನೇ ನೋಡಿದಳು. ದಾಟಿದ ಮೇಲೆ, ಸುಳ್ಳು ಹೇಳುವವನು ಎರಡು ಅಂತ ಹೇಳಬಾರದಿತ್ತೇ ಎಂದು ಕೇಳಿದಳು.

ಜನವರಿ 25. ಗದಗಿನ ಹೊರಗೆ ಲಕ್ಷ್ಮೇಶ್ವರ ರಸ್ತೆಯ ನರ್ಸರಿಗೆ ಹೋದೆ. ನಾನು ಸರಕು ಸಾಗಿಸುವ ಆಫೀಸೊಂದರಲ್ಲಿ ಬುಕಿಂಗ್ ಕ್ಲರ್ಕು. ಬೆಳಿಗ್ಗೆ ಎಂಟೂವರೆಗೆ ಮನೆ ಬಿಟ್ಟರೆ ಬರುವುದು ಸಂಜೆ ಏಳಕ್ಕೆ. ಗಿಡದ ಅನುಭವ ಸೊನ್ನೆ. ಆದ್ದರಿಂದ ಬೇಕಾದ ಗಿಡದ ಷರತ್ತುಗಳನ್ನು ಒಂದು ಹಾಳೆಯಲ್ಲಿ ಬರೆದು ಒಯ್ದಿದ್ದೆ: ಬಿಸಿಲು ಕೇಳಬಾರದು, ನೀರು ಹೆಚ್ಚು ಕುಡಿಯಬಾರದು, ಹುಳ ಹತ್ತಬಾರದು, ಎಲೆ ಉದುರಬಾರದು, ಮಾರ್ಚ್ 1ರವರೆಗೆ ಸಾಯಬಾರದು. ನರ್ಸರಿಯ ಮುದುಕ ಹಾಳೆಯನ್ನು ಎರಡು ಸಲ ಓದಿದ.

"ತಮ್ಮಾ, ನಿನಗ ಗಿಡ ಬೇಕಾಗಿಲ್ಲ. ಗಿಡದ ಫೋಟೋ ಬೇಕಾಗೇತಿ."

ಆದರೂ ಒಳ್ಳೆಯ ಮನುಷ್ಯ. ಮೂರು ಹಾವಿನ ಗಿಡ, ಎರಡು ಝೆಡ್‌ಝೆಡ್, ಎರಡು ಮನಿ ಪ್ಲಾಂಟ್, ಒಂದು ಲೋಳಸರ, ಒಂದು ಜೇಡ್ ಆರಿಸಿ ಕೊಟ್ಟ. ಹಾವಿನ ಗಿಡವೆಂದರೆ ಉದ್ದನೆಯ ದಪ್ಪ ಎಲೆ ಸೆಟೆದು ನಿಂತಿರುವುದು. ಝೆಡ್‌ಝೆಡ್ ಎಂದರೆ ಮೇಣ ಸವರಿದಂತೆ ಹೊಳೆಯುವುದು. ಜೇಡ್ ಎಂದರೆ ದುಂಡನೆಯ ದಪ್ಪ ಪುಟ್ಟ ಎಲೆಯದು. ಇವಕ್ಕೆ ಹದಿನೈದು ದಿನಕ್ಕೊಮ್ಮೆ ನೀರು ಸಾಕು, ತಂದಿಟ್ಟು ಮರೆತುಬಿಡು ಎಂದ. ಇವನ್ನು ಕೊಲ್ಲಬೇಕಾದರೆ ಬಹಳ ಕಷ್ಟಪಡಬೇಕಾಗುತ್ತದೆ ಎಂದೂ ಹೇಳಿದ.

ಕಷ್ಟಪಡುವುದರಲ್ಲಿ ನಾನು ಎಂದೂ ಹಿಂದೆ ಬಿದ್ದವನಲ್ಲ.

ಮರೆಯುವುದು ನನಗೆ ಬರುವುದಿಲ್ಲ ಎಂಬುದೇ ತೊಡಕಾಯಿತು. ಮರೆಯುವುದಕ್ಕೂ ಒಂದು ವೇಳಾಪಟ್ಟಿ ಹಾಕಿದೆ. ಬೆಳಿಗ್ಗೆ ಏಳರಿಂದ ಎಂಟರವರೆಗೆ ಮತ್ತು ಸಂಜೆ ಏಳರಿಂದ ಎಂಟರವರೆಗೆ ನೋಡುವುದು, ಉಳಿದ ಹೊತ್ತು ಮರೆಯುವುದು. ನೋಡುವ ಹೊತ್ತಿನಲ್ಲಿ ಒಂಬತ್ತೂ ಕುಂಡಗಳ ಮಣ್ಣಿಗೆ ಬೆರಳು ಚುಚ್ಚಿ ರಜಿಸ್ಟರಿನಲ್ಲಿ 'ಒಣ', 'ಹಸಿ', 'ಸಂಶಯ' ಎಂದು ಗುರುತು ಹಾಕುತ್ತಿದ್ದೆ. ಸಂಶಯ ಬಂದಲ್ಲಿ ಅರ್ಧ ಲೋಟ ನೀರು. ಮೊದಲ ಐದು ದಿನಗಳಲ್ಲಿ ತೊಂಬತ್ತು ಪರೀಕ್ಷೆ ಮಾಡಿದೆ. ಅದರಲ್ಲಿ ಒಣ ನಾಲ್ಕು, ಹಸಿ ಮೂವತ್ತು, ಸಂಶಯ ಐವತ್ತಾರು!

ಆಫೀಸಿನಲ್ಲಿ ಕುಳಿತಾಗಲೂ ತಲೆಯಲ್ಲಿ ಅದೇ ಚಿಂತೆ. ಗಾಳಿ ಬಂದಿರಬಹುದೇ? ಹೆಚ್ಚು ಬಂದಿರಬಹುದೇ? ಮಧ್ಯಾಹ್ನ ಅವ್ವನಿಗೆ ಫೋನು ಮಾಡಿ ಹೇಗಿವೆ ಎಂದು ಕೇಳುತ್ತಿದ್ದೆ. ಅವಳು, ಉಂಡು ಮಲಗ್ಯಾವ, ಎಬ್ಬಿಸಲೇನು ಎಂದು ಕೇಳುತ್ತಿದ್ದಳು.

ಜನವರಿ 31ರಂದು ಹನ್ನೊಂದು ದಿನದ ಮೇಲೆ ನಳಕ್ಕೆ ನೀರು ಬಂತು. ನೀರು ಬಂದ ದಿನ ನಮ್ಮ ಓಣಿಯಲ್ಲಿ ಕೊಡ, ಬಕೆಟ್ಟು, ಡ್ರಮ್ಮುಗಳಲ್ಲಿ ಉಳಿದ ಹಳೆಯ ನೀರನ್ನು ಖಾಲಿ ಮಾಡಿ ಹೊಸ ನೀರು ತುಂಬುವುದು ಪದ್ಧತಿ. ಹಳೆಯ ನೀರಾದರೂ ಗಟಾರಕ್ಕೆ ಚೆಲ್ಲಲು ಯಾರಿಗೂ ಮನಸ್ಸು ಬರುವುದಿಲ್ಲ. ಎಲ್ಲಿಯಾದರೂ ಗಿಡ ಕಂಡರೆ ಅದಕ್ಕೆ ಹಾಕಿ ಪುಣ್ಯ ಕಟ್ಟಿಕೊಳ್ಳುತ್ತಾರೆ. ಇಷ್ಟು ದಿನ ಓಣಿಯಲ್ಲಿ ಗಿಡಗಳಿರಲಿಲ್ಲ. ಈಗ ಒಂಬತ್ತಿದ್ದವು. ನಾನು ಸಂಜೆ ಬರುವಷ್ಟರಲ್ಲಿ ಅವ್ವನ ಎರಡು ಕೊಡ, ಪಕ್ಕದ ಮನೆಯ ಗೌರವ್ವ ಕಾಕುವಿನ ಮೂರು ಬಕೆಟ್ಟು ನೀರು ನನ್ನ ಕುಂಡಗಳಿಗೆ ಸಂದಾಯವಾಗಿತ್ತು. ಎರಡೂ ಝೆಡ್‌ಝೆಡ್ ಕಂಠಮಟ್ಟ ನೀರಿನಲ್ಲಿ ನಿಂತಿದ್ದವು. ಕಾಕು ಬಾಗಿಲಲ್ಲಿ ನಿಂತು, ಪಾಪ ಗಿಡಗಳ ಬಾಯಿ ಒಣಗಿತ್ತು ಎಂದು ಕಣ್ಣೀರು ಬರುವಂತೆ ಹೇಳಿದಳು. ನನಗೂ ಕಣ್ಣೀರು ಬಂತು. ಕಾರಣ ಬೇರೆ.

ಫೆಬ್ರವರಿ 3: ಜೇಡ್, ಎಲ್ಲ ಎಲೆ ಉದುರಿಸಿ ನಿಧನ. ಫೆಬ್ರವರಿ 6: ಲೋಳಸರ, ಬೇರು ಕೊಳೆತು, ಸೊಂಟ ಮುರಿದು. ಫೆಬ್ರವರಿ 8: ಎರಡೂ ಝೆಡ್‌ಝೆಡ್, ಒಂದೇ ದಿನ, ದಂಪತಿಗಳಂತೆ. ಫೆಬ್ರವರಿ 12ರ ಹೊತ್ತಿಗೆ ಏಳು ಹೋಗಿ ಎರಡು ಉಳಿದಿದ್ದವು: ಒಂದು ಹಾವಿನ ಗಿಡ, ಒಂದು ಮನಿ ಪ್ಲಾಂಟ್. ಮಾರ್ಚ್ 1ಕ್ಕೆ ಹದಿನೇಳು ದಿನ. ನನ್ನ ತೂಕ ಎರಡು ಕಿಲೋ ಇಳಿದಿತ್ತು. ಒಂಬತ್ತು ಗಿಡ ಎಂದು ಹೇಳಿದ ಬಾಯಿಗೆ ರೊಟ್ಟಿ ಸೇರುತ್ತಿರಲಿಲ್ಲ. ಸವಿತಾ ಬಂದು, 'ಎಲ್ಲದಾವ್ರಿ ಉಳದವು?' ಎಂದು ಕೇಳುವ ದೃಶ್ಯ ಊಟಕ್ಕೆ ಕುಳಿತಾಗಲೆಲ್ಲ ಕಣ್ಣ ಮುಂದೆ ಬರುತ್ತಿತ್ತು.

ಆ ದಿನ ಗೌರವ್ವ ಕಾಕು ಬಂದು ಸಾಲಾಗಿ ಇಟ್ಟಿದ್ದ ಖಾಲಿ ಕುಂಡಗಳನ್ನು ನೋಡಿ ರೋಗ ಗುರುತಿಸಿದಳು.

"ಇವನ್ನ ರೊಕ್ಕಾ ಕೊಟ್ಟು ತಂದೀಯೇನೋ ಬಸೂ? ಅದಕ್ಕ ಹತ್ತವಲ್ಲವು. ಮನಿ ಪ್ಲಾಂಟ್ ಕದ್ದೇ ತರಬೇಕು. ಕದ್ದ ತಂದದ್ದಷ್ಟೇ ಬೆಳಿತೈತಿ."

ಈ ನಂಬಿಕೆಯನ್ನು ನಾನೂ ಕೇಳಿದ್ದೆ. ಆದರೆ ಅದು ಮನಿ ಪ್ಲಾಂಟ್ ಎಂಬ ಒಂದು ಬಳ್ಳಿಗೆ ಮಾತ್ರ. ಅವ್ವ ಇಂಗ್ಲಿಷು ಓದಿದವಳಲ್ಲ. ಅವಳಿಗೆ ಮನಿ ಎಂದರೆ ಮನೆ, ಮನಿ ಪ್ಲಾಂಟ್ ಎಂದರೆ ಮನೆಯಲ್ಲಿ ಇಡುವ ಗಿಡ, ಎಂದರೆ ಹಾವಿನ ಗಿಡದಿಂದ ಹಿಡಿದು ಎಲ್ಲವೂ. ನಾನು ಕುಳಿತು ಬಿಡಿಸಿ ಹೇಳಿದೆ. ಅವ್ವಾ, ಇಂಗ್ಲಿಷಿನಲ್ಲಿ ಮನಿ ಎಂದರೆ ರೊಕ್ಕ, ಇದು ರೊಕ್ಕದ ಗಿಡ, ಮಾತು ಇದೊಂದಕ್ಕೇ. ಅವ್ವ ಪೂರ್ತಿ ಕೇಳಿದಳು.

"ಸತ್ತ ಏಳರಾಗ ರೊಕ್ಕದ ಗಿಡ ಎಷ್ಟು?"

"ಒಂದು."

"ಉಳದ ಆರು ಯಾಕ ಸತ್ತವು?"

ನಾನು ಆರರ ನಿಧನದ ತಾರೀಖುಗಳನ್ನು ಓದಿ ಹೇಳಿದೆ.

ನನ್ನ ಅವ್ವ ಪಕ್ಕದ ಮನೆಯ ಬೆಂಕಿಪೆಟ್ಟಿಗೆ ತಂದರೆ ಕಡ್ಡಿ ಎಣಿಸಿ ತಿರುಗಿ ಕೊಡುವವಳು. ಆದರೆ ಇದು ಅವಳ ಲೆಕ್ಕದಲ್ಲಿ ಕಳವಲ್ಲ, ಬೇಸಾಯದ ಕ್ರಮ. ಫೆಬ್ರವರಿ 14ರಂದು ಶಿರಹಟ್ಟಿಯಲ್ಲಿ ಸಂಬಂಧಿಕರ ಮನೆ ವಾಸ್ತುಶಾಂತಿಗೆ ಹೋದವಳು ಸಂತೆಯ ಚೀಲದಲ್ಲಿ ಎರಡು ಹಾವಿನ ಗಿಡ ತಂದಳು, ಕುಂಡ ಸಮೇತ, ಮೇಲೆ ಮೆಂತ್ಯದ ಸೊಪ್ಪು ಮುಚ್ಚಿ. ಕದಿಯುವುದೆಂದರೆ ಒಂದು ಕುಡಿ ಚಿವುಟಿ ತರುವುದು ಎಂದು ನಾನು ಗಾಬರಿಯಾಗಿ ಹೇಳಿದೆ. ಕುಡಿ ಬೆಳೆಯಲು ಆರು ತಿಂಗಳು ಬೇಕು, ಮಾಸ್ತರರು ಬರಲು ಹದಿನೈದು ದಿನ ಇದೆ ಎಂದಳು. ಈಗ ಅವಳೂ ಲೆಕ್ಕ ಇಡತೊಡಗಿದ್ದಳು!

ಮುಂದೆ ಸೊರಟೂರಿನ ಚಿಕ್ಕವ್ವನ ಮನೆಯಿಂದ ಒಂದು, ಅಡರಕಟ್ಟಿಯಲ್ಲಿ ಮದುವೆಯ ಪೆಂಡಾಲಿನಿಂದ ಒಂದು, ಪಕ್ಕದ ಓಣಿಯ ಹಿಟ್ಟಿನ ಗಿರಣಿಯಿಂದ ಒಂದು, ಚಪ್ಪಲಿ ಅಂಗಡಿಯಿಂದ ಒಂದು, ಲಕ್ಷ್ಮೇಶ್ವರದಲ್ಲಿ ಹಲ್ಲಿನ ಡಾಕ್ಟರರ ದವಾಖಾನೆಯಿಂದ ಒಂದು. ದವಾಖಾನೆಗೆ ಅವ್ವ ಹೋದದ್ದು ಹಲ್ಲು ನೋವೆಂದು. ಗಿಡ ಕೈಗೆ ಬಂದ ಮೇಲೆ ನೋವು ನಿಂತಿತಂತೆ. ಡಾಕ್ಟರರನ್ನು ಕಾಣದೆಯೇ ಬಂದಳು.

ನಾನು ರಜಿಸ್ಟರಿನಲ್ಲಿ 'ಮೂಲ ಸ್ಥಳ' ಎಂದು ಹೊಸ ಕಾಲಮ್ಮು ಎಳೆದೆ. ಮಾರ್ಚ್ 1 ಮುಗಿದ ಮರುದಿನವೇ ಎಲ್ಲವನ್ನೂ ಮೂಲ ಸ್ಥಳಕ್ಕೆ ಸೇರಿಸುವುದಾಗಿ ಪ್ರತಿಜ್ಞೆ ಬರೆದು ಸಹಿ ಹಾಕಿದೆ. ಆದರೆ ಹೆದರಿಕೆ ಸಹಿಗೆ ಬಗ್ಗಲಿಲ್ಲ. ಬಾಗಿಲು ಬಡಿದರೆ ಚಪ್ಪಲಿ ಅಂಗಡಿಯವನೇ ಬಂದನೆಂದು ತೋರುತ್ತಿತ್ತು. ಗಿರಣಿಗೆ ಹಿಟ್ಟು ಬೀಸಲು ಹೋಗುವುದನ್ನೇ ಬಿಟ್ಟೆ. ಕದ್ದ ಗಿಡಗಳ ಹತ್ತಿರ ಹೋದರೆ ನಾನೇ ಕಳ್ಳನೆನಿಸುತ್ತಿತ್ತು. ಹೋಗಲಿಲ್ಲ. ಬೆರಳು ಚುಚ್ಚಲಿಲ್ಲ. ಅವಕ್ಕೆ ಯಾರೂ ನೀರು ಹಾಕದಂತೆ ಒಳಕೋಣೆಗೆ ಸೇರಿಸಿ ಬಾಗಿಲು ಎಳೆದುಕೊಂಡೆ. ನೋಡುವ ಹೊತ್ತನ್ನೆಲ್ಲ ನ್ಯಾಯವಾಗಿ ತಂದ ಎರಡು ಗಿಡಗಳಿಗೇ ಕೊಟ್ಟೆ.

ಫೆಬ್ರವರಿ 24. ನ್ಯಾಯವಾಗಿ ತಂದ ಎರಡರಲ್ಲಿ ಹಾವಿನ ಗಿಡ ಹೋಯಿತು. ಆ ದಿನದ ಒಟ್ಟು ಲೆಕ್ಕ ತೆಗೆದೆ. ಕೊಂಡ ಗಿಡ ಒಂಬತ್ತು, ಸತ್ತದ್ದು ಎಂಟು. ಕದ್ದ ಗಿಡ ಏಳು, ಸತ್ತದ್ದು ಸೊನ್ನೆ. ನನ್ನ ಕೈಯಾರೆ ಬರೆದ ಅಂಕಿಗಳೇ ಗೌರವ್ವ ಕಾಕುವಿನ ಪರ ಸಾಕ್ಷಿ ನುಡಿಯುತ್ತಿದ್ದವು! ಅದಕ್ಕಿಂತ ದೊಡ್ಡ ಚಿಂತೆ ಏನೆಂದರೆ ಏಳಕ್ಕೆ ಒಂದು ಕೂಡಿಸಿದರೆ ಎಂಟು. ನಾನು ಹೇಳಿದ್ದು ಒಂಬತ್ತು.

ಫೆಬ್ರವರಿ 26ರಂದು ಅವ್ವ ಮುಂಡರಗಿಗೆ ಹೊರಟಳು. ಬೀಗರಾಗುವವರ ಕಣ್ಣಿನ ಆಪರೇಷನ್ ಆಗಿದೆ, ವಿಚಾರಿಸದಿದ್ದರೆ ಏನು ತಿಳಿದಾರು ಎಂದಳು. ಡಬ್ಬಿಯಲ್ಲಿ ಶೇಂಗಾದ ಉಂಡಿ ಒಯ್ದಳು. ಸಂಜೆ ಚೀಲದಲ್ಲಿ ಒಂದು ಗಿಡ ತಂದಳು. ಹೊಳೆಹೊಳೆಯುವ ಝೆಡ್‌ಝೆಡ್, ಮೊಣಕಾಲೆತ್ತರ. ನಾನು ಬಾಗಿಲು ಹಾಕಿ ಬಂದು ಕೇಳಿದೆ:

"ಅವರ ಮನೀದಲ್ಲ, ಹೌದಿಲ್ಲೋ?"

"ನಾ ಅಷ್ಟು ಹುಚ್ಚಿ ಅದೀನೇನು? ದಾರ್ಯಾಗ ಸಿಕ್ತು."

ಮೂರು ಸಲ ಕೇಳಿದೆ. ಮೂರು ಸಲವೂ ದಾರಿಯಲ್ಲಿಯೇ ಸಿಕ್ಕಿತು. 'ಮೂಲ ಸ್ಥಳ: ದಾರಿ' ಎಂದು ಬರೆದೆ.

ಮಾರ್ಚ್ 1, ಬೆಳಿಗ್ಗೆ ಹತ್ತೂಕಾಲು. ಮಾಸ್ತರರು, ಅವರ ಹೆಂಡತಿ, ಸವಿತಾ ಬಂದರು. ಪಡಸಾಲೆಯಲ್ಲಿ ಒಂಬತ್ತು ಕುಂಡ ಸಾಲಾಗಿ ನಿಂತಿದ್ದವು. ಸವಿತಾ ಒಳಗೆ ಬಂದವಳೇ ಮನಸ್ಸಿನಲ್ಲಿ ಎಣಿಸಿದಳು. ತುಟಿ ಅಲ್ಲಾಡಿದ್ದು ಕಂಡಿತು. ಒಂಬತ್ತಕ್ಕೆ ನಿಂತಿತು. ಆಮೇಲೆ ನನ್ನತ್ತ ನೋಡಿ ಸ್ವಲ್ಪ ನಕ್ಕಳು. ನಲವತ್ತೆರಡು ದಿನಗಳಲ್ಲಿ ನಾನು ಸರಿಯಾಗಿ ಉಸಿರಾಡಿದ್ದು ಆ ಒಂದು ಗಳಿಗೆ.

ತೊಂದರೆ ಬಂದದ್ದು ಮಾಸ್ತರರ ಕಣ್ಣಿನಿಂದ. ಪೊರೆ ತೆಗೆದ ಮೇಲೆ ಅವರಿಗೆ ಲೋಕವೆಲ್ಲ ಹೊಸದಾಗಿ ಕಾಣುತ್ತಿತ್ತು. ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುತ್ತಿದ್ದರು. ಕ್ಯಾಲೆಂಡರಿನ ಮೂಲೆಯಲ್ಲಿದ್ದ ಪ್ರೆಸ್ಸಿನ ಹೆಸರು ಓದಿದರು. ಬಿಸ್ಕಿಟ್ ಪುಡಿಕೆಯ ಬೆನ್ನಿನ ಸಣ್ಣ ಅಕ್ಷರ ಓದಿದರು. ಏನು ಚಂದ ಕಾಣುತ್ತದೆ ಎಂದು ಹೆಂಡತಿಗೆ ಹೇಳುತ್ತ ಗಿಡಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಒಂಬತ್ತನೆಯ ಕುಂಡವನ್ನು ಅವ್ವ ಒಂದು ಮಗ್ಗಲು ಗೋಡೆಗೆ ಒತ್ತಿ ಇಟ್ಟಿದ್ದಳು. ಅವರು ಅದನ್ನು ಮೆಲ್ಲಗೆ ತಿರುಗಿಸಿದರು. ಅಂಚಿನಲ್ಲಿ ಬಿಳಿ ಬಣ್ಣದಿಂದ, ನನ್ನ ಅಕ್ಷರಕ್ಕಿಂತ ಚಂದವಾಗಿ, 17 ಎಂದು ಬರೆದಿತ್ತು.

"ಸವಿತಾ, ಇಲ್ಲಿ ನೋಡವಾ. ಹದಿನೇಳನೇ ನಂಬರಿನವ ಮೂರು ದಿನದಿಂದ ಗೈರುಹಾಜರ ಅದಾನಲ್ಲ, ಇಲ್ಲಿ ಬಂದು ಕುಂತಾನ."

ಮಾಸ್ತರರು ಮೂವತ್ತು ವರ್ಷ ಹಾಜರಿ ಕರೆದವರು. ನಿವೃತ್ತರಾದ ಮೇಲೆ ಕುಂಡಗಳಿಗೆಲ್ಲ ನಂಬರು ಬರೆದು ದಿನಾ ಮುಂಜಾನೆ ಹಾಜರಿ ಹಿಡಿಯುತ್ತಿದ್ದರಂತೆ. ಇಂಥ ಮಾವ ನನಗೆ ಏಳೇಳು ಜನ್ಮದಲ್ಲೂ ಸಿಗಲಾರರು. ಸಿಕ್ಕ ದಿನವೇ ಕೈತಪ್ಪುತ್ತಿದ್ದರು.

ಅವ್ವ ಸೆರಗು ಸರಿಮಾಡಿಕೊಂಡು, ಮನಿ ಪ್ಲಾಂಟ್ ಕದ್ದೇ ತರಬೇಕೆಂದು ಹೇಳುತ್ತಾರಲ್ಲ, ಮತ್ತೆ ನೀವು ಬೇರೆಯವರೇನು ಎಂದು ವಿನಯದಿಂದ ವಿವರಿಸಿದಳು. ಇಂಥ ಹೊತ್ತಿನಲ್ಲಿ ಜಾಣರು ಕ್ಷಮೆ ಕೇಳುತ್ತಾರೆ. ನಾನು ಒಳಗೆ ಹೋಗಿ ರಜಿಸ್ಟರು ತಂದು ಸವಿತಾಳ ಕೈಗೆ ಕೊಟ್ಟೆ.

ಅವಳು ಮೊದಲ ಪುಟದಿಂದ ಓದಿದಳು. ಒಣ, ಹಸಿ, ಸಂಶಯ. ನಿಧನದ ತಾರೀಖುಗಳು. ಮೂಲ ಸ್ಥಳ. ಹಾಳೆ ತಿರುವುವ ಸದ್ದು ಬಿಟ್ಟರೆ ಗೌರವ್ವ ಕಾಕುವಿನ ಮನೆಯ ಮಗ್ಗದ ಸದ್ದು ಮಾತ್ರ. ಕೊನೆಯ ಪುಟದಲ್ಲಿ ಬೆರಳಿಟ್ಟಳು.

"ಈ ಏಳು ಯಾಕ ಬದುಕ್ಯಾವ ಗೊತ್ತೇನ್ರಿ? ಇವಕ್ಕ ನೀವು ಕೈ ಹಚ್ಚಿಲ್ಲ."

ಅಷ್ಟೇ ಅಂದಳು. ಹನ್ನೊಂದು ಗಂಟೆಗೆ ಹೊರಟರು. ಮಾಸ್ತರರು ಹದಿನೇಳನೇ ನಂಬರನ್ನು ಮಗುವಿನಂತೆ ಎತ್ತಿಕೊಂಡಿದ್ದರು. ಒಪ್ಪಿಗೆಯ ಮಾತು ಬರಲಿಲ್ಲ, ಒಲ್ಲೆ ಎಂಬ ಮಾತೂ ಬರಲಿಲ್ಲ. ಅವರು ಹೋದ ಮೇಲೆ ತಟ್ಟೆ ಬಟ್ಟಲು ಪರೀಕ್ಷಿಸಿದೆ. ಮಾಸ್ತರರ ಚಹಾ ಖಾಲಿ. ಅವರ ಹೆಂಡತಿಯದು ಅರ್ಧ. ಸವಿತಾ ಅವಲಕ್ಕಿ ಚೂಡಾ ಮುಟ್ಟಿರಲಿಲ್ಲ. ಇದರಿಂದ ಏನು ಅರ್ಥ ಮಾಡಬೇಕು? 'ಸಂಶಯ' ಎಂದು ಬರೆದೆ. ಈ ಸಲದ ಅರ್ಧ ಲೋಟ ನೀರನ್ನು ಗಿಡಕ್ಕೆ ಹಾಕಲಿಲ್ಲ, ನಾನೇ ಕುಡಿದೆ.

ಮಾರ್ಚ್ 2ರಿಂದ 4ರವರೆಗೆ ರಜೆ ಹಾಕಿ ಏಳು ಗಿಡಗಳನ್ನು ತಿರುಗಿ ಮುಟ್ಟಿಸಿದೆ. ಕದಿಯುವುದು ಸುಲಭ, ತಿರುಗಿ ಇಡುವುದು ಬಲು ಕಷ್ಟ. ಪೆಂಡಾಲು ಬಿಚ್ಚಿಕೊಂಡು ಹೋದವರ ಊರು ಹುಡುಕಲು ಅರ್ಧ ದಿನ ಹೋಯಿತು. ಚಪ್ಪಲಿ ಅಂಗಡಿಯವನು ಗಿಡ ಕಳೆದದ್ದನ್ನೇ ಗಮನಿಸಿರಲಿಲ್ಲ, ಇದು ತನ್ನದಲ್ಲವೆಂದು ವಾದಕ್ಕೆ ನಿಂತ. ಹಲ್ಲಿನ ದವಾಖಾನೆಯಲ್ಲಿ ಮೂಲೆಯಲ್ಲಿ ಕುಂಡವಿಟ್ಟು ಹಿಂದೆ ಸರಿಯುವಾಗ ನರ್ಸಬಾಯಿ ಕಂಡು, ಹೆಸರು ಬರೆದುಕೊಂಡು ಕೂಡಿಸಿದಳು. ಓಡಿಹೋದರೆ ಸಂಶಯ ಬರುತ್ತದೆ ಎಂದು ಕುಳಿತೆ. ಎರಡು ಹಲ್ಲಿಗೆ ಸಿಮೆಂಟು ತುಂಬಿಸಿಕೊಂಡು ಬಂದೆ.

ಮಾರ್ಚ್ 5, ಸಂಜೆ ಏಳೂ ಇಪ್ಪತ್ತು. ಫೋನು ಬಂತು. ಸವಿತಾ. ಹೇಳಿದ್ದನ್ನು ಬರೆದುಕೊಳ್ಳಲು ಎರಡೂ ಕೈ ಖಾಲಿ ಇರಲೆಂದು ಸ್ಪೀಕರ್ ಹಾಕಿ ಫೋನನ್ನು ರಜಿಸ್ಟರಿನ ಪಕ್ಕ ಇಟ್ಟೆ. ಅವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಿದಳು.

ಸವಿತಾ ನಿಧಾನವಾಗಿ ಮಾತಾಡಿದಳು. ಸುಳ್ಳು ಹೇಳಿದ್ದು ತನಗೆ ಸೇರಿಲ್ಲ. ಆದರೆ ಅದನ್ನೆಲ್ಲ ತಾರೀಖು ಸಮೇತ ಬರೆದಿಟ್ಟು ಕೈಗೆ ಕೊಟ್ಟವರನ್ನು ತಾನು ಇದುವರೆಗೆ ಕಂಡಿಲ್ಲ. ಅಪ್ಪ ನಾಲ್ಕು ದಿನದಿಂದ ರಜಿಸ್ಟರಿನ ಮಾತನ್ನೇ ಆಡುತ್ತಿದ್ದಾರೆ, ಅಂಥದೊಂದು ತಮಗೂ ಬೇಕಂತೆ. ತನ್ನದು ಒಂದೇ ಷರತ್ತು. ಮದುವೆಯಾದ ಮೇಲೆ ತನ್ನ ಗಿಡಗಳು ಬೆಟಗೇರಿಗೆ ಬರುತ್ತವೆ, ಅವಕ್ಕೆ ನಾನು ಬೆರಳು ಹಚ್ಚಕೂಡದು.

"ಒಪ್ಪಿಗಿ ರೀ," ಅಂದೆ. ತಾರೀಖು ಹಾಕಿ ಬರೆದುಕೊಂಡೆ. ಇನ್ನೊಮ್ಮೆ ಅಂದೆ.

"ಮತ್ತೊಂದು ಕೇಳೋದಿತ್ತು. ನಿಮ್ಮನ್ನ ದಿನಾ ನೋಡ್ಕೋಬೇಕೋ, ವಾರಕ್ಕೊಮ್ಮೆ ನೋಡ್ಕೊಂಡ್ರ ಸಾಕೋ?"

ಈ ವಿಷಯದಲ್ಲಿ ನನ್ನ ಬಳಿ ಯಾವ ಅಂಕಿಯೂ ಇರಲಿಲ್ಲ. ಒಂದೆರಡು ದಿನ ಬಿಟ್ಟು ನೋಡಿ ಹೇಳುತ್ತೇನೆ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ಅಕ್ಕಿಯ ಮೊರದಿಂದ ತಲೆ ಎತ್ತದೆಯೇ ಫೋನಿನತ್ತ ಹೇಳಿದಳು:

"ವಾರಕ್ಕೊಮ್ಮೆ ಸಾಕವಾ. ಹೆಚ್ಚಿಗಿ ನೋಡ್ಕೊಂಡ್ರ ಕೊಳೀತಾನ."